ಕಲಬುರಗಿಯಲ್ಲಿ ಪ್ಲಾಟ್ ತಗೊಳ್ಳೋದಾ, ಫ್ಲ್ಯಾಟ್ ತಗೊಳ್ಳೋದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಬೆಂಗಳೂರಲ್ಲಿರುವ ಕಲಬುರಗಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಕಮಲಾಪುರ ಕಡೆ. ಅಪ್ಪ ಮುಂದಿನ ವರ್ಷ ನಿವೃತ್ತಿ ಆಗುತ್ತಾರೆ. ಕಲಬುರಗಿಯಲ್ಲೇ ಇರಬೇಕು ಅಂತ ಅವರ ಆಸೆ. ಮೂವತ್ತು ಲಕ್ಷದ ಆಸುಪಾಸು ಹೊಂದಿಸಬಹುದು. ಏಜೆಂಟರು ಮೂರು ಜಾಗ ತೋರಿಸಿದ್ದಾರೆ. ಒಂದು, ವಿಮಾನ ನಿಲ್ದಾಣದ ಕಡೆ ಹೊಸ ಲೇಔಟ್. ಇನ್ನೊಂದು, ಟೆಕ್ಸ್‌ಟೈಲ್ ಪಾರ್ಕ್ ಬರುತ್ತೆ ಅಂತ ಫಿರೋಜಾಬಾದ್ ಕಡೆ. ಮೂರನೆಯದು, ರಿಂಗ್ ರೋಡ್ ಹತ್ತಿರ ಕಟ್ಟುತ್ತಿರುವ ಅಪಾರ್ಟ್‌ಮೆಂಟ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ದಿನಾ ಫೋನ್ ಬರುತ್ತೆ, ಈಗ ಬಿಟ್ಟರೆ ಕೈಗೆ ಸಿಗಲ್ಲ ಅಂತ. ಇಸಾರ (ಮುಂಗಡ) ಕೊಡುವ ಮೊದಲು ಇಲ್ಲಿ ಕೇಳೋಣ ಅನಿಸಿತು.

ಸೇಡಂ ರಸ್ತೆಯವರು

ವಿಮಾನ ನಿಲ್ದಾಣದ ಕಡೆಯದು ನನಗೆ ಗೊತ್ತು, ಆ ದಾರಿಯಲ್ಲೇ ಓಡಾಡುತ್ತೇನೆ. ನಿಲ್ದಾಣ ಇರೋದು ಶ್ರೀನಿವಾಸ ಸರಡಗಿ ಹತ್ತಿರ, ಊರಿಂದ ಹೆಚ್ಚುಕಡಿಮೆ 14 ಕಿ.ಮೀ. 2019ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಅದಕ್ಕೂ ಎಷ್ಟೋ ವರ್ಷ ಮೊದಲಿಂದಲೇ ತೊಗರಿ ಹೊಲದಲ್ಲಿ ಕಲ್ಲು ನೆಟ್ಟು, ಕಮಾನು ಕಟ್ಟಿ ಪ್ಲಾಟ್ ಮಾರಾಟ ನಡೆದಿತ್ತು. ಕಮಾನು ಈಗಲೂ ಇದೆ. ಒಳಗೆ ಹೋದರೆ ಜಾಲಿ ಗಿಡ.

ಹಾಗಂತ ಸೇಡಂ ರಸ್ತೆ ಬೆಳೆದಿಲ್ಲ ಅಂತಲ್ಲ. ಇಎಸ್‌ಐ ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ ಇರುವವರೆಗೂ ಚೆನ್ನಾಗಿ ಬೆಳೆದಿದೆ. ಅಲ್ಲಿಯವರೆಗೆ ಆಟೋ ಬರುತ್ತೆ, ಕಿರಾಣಿ ಸಿಗುತ್ತೆ, ಬಾಡಿಗೆಗೂ ಜನ ಬರುತ್ತಾರೆ. ಅದರಾಚೆ ಹೋದಷ್ಟೂ ನಕ್ಷೆಯಲ್ಲಿ ಊರು, ಕಣ್ಣಿಗೆ ಹೊಲ. ನಿಮ್ಮ ಅಪ್ಪ ನಿವೃತ್ತರು ಅಲ್ವಾ? ರಾತ್ರಿ ಹತ್ತಕ್ಕೆ ಒಂದು ಮಾತ್ರೆ ಬೇಕು ಅಂದರೆ ಎಲ್ಲಿಗೆ ಹೋಗಬೇಕು, ಅದನ್ನು ನೋಡಿ.

ಇನ್ನೊಂದು ವಿಷಯ. ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇರುತ್ತೆ. ನೆಲಮಹಡಿ, ಮೊದಲ ಮಹಡಿಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಆದರೆ ಮುಂದೆ ನಾಲ್ಕು ಮಹಡಿ ಕಟ್ಟಿ ಬಾಡಿಗೆ ಕೊಡೋಣ ಅನ್ನುವವರು ಮೊದಲೇ ವಿಚಾರಿಸಬೇಕು.

ಜೇವರ್ಗಿ ಕ್ರಾಸ್ ಅಂಗಡಿಯವರು

ಟೆಕ್ಸ್‌ಟೈಲ್ ಪಾರ್ಕ್ ಸುಳ್ಳಲ್ಲರೀ. ಪಿಎಂ ಮಿತ್ರ ಅಂತ 2023ರ ಮಾರ್ಚ್‌ನಲ್ಲಿ ಕೇಂದ್ರ ದೇಶದಲ್ಲಿ ಏಳು ಊರು ಘೋಷಿಸಿತು, ಕರ್ನಾಟಕಕ್ಕೆ ಸಿಕ್ಕಿದ್ದು ಕಲಬುರಗಿ. ಹೊನ್ನಕಿರಣಗಿ, ಫಿರೋಜಾಬಾದ್, ನದಿಸಿನ್ನೂರು ಕಡೆ ಸುಮಾರು 1,000 ಎಕರೆ. ಆದರೆ ಆ ಸಾವಿರ ಎಕರೆ ಕಾರ್ಖಾನೆಗೆ. ನಿಮಗೆ ತೋರಿಸುತ್ತಿರುವುದು ಪಕ್ಕದ ರೈತರ ಹೊಲ. ಕಾರ್ಖಾನೆ ನಡೆಯಲು ಶುರುವಾದ ಮೇಲೆ ಅಲ್ಲಿ ಬೇಕಾಗೋದು ಕೆಲಸಗಾರರಿಗೆ ಕಡಿಮೆ ಬಾಡಿಗೆಯ ಖೋಲಿ, ಖಾನಾವಳಿ. ನಿವೃತ್ತ ಸರ್ಕಾರಿ ನೌಕರರು ಅಲ್ಲಿ ಹೋಗಿ ಏನು ಮಾಡ್ತಾರೆ?

ನಮ್ಮ ಊರಲ್ಲಿ ಅಡಿಗಲ್ಲಿಗೂ ಕೆಲಸಕ್ಕೂ ನಡುವೆ ಎಷ್ಟು ವರ್ಷ ಅಂತ ಯಾರಿಗೂ ಹೇಳೋಕಾಗಲ್ಲ. ರೈಲ್ವೆ ವಿಭಾಗದ ಅಡಿಗಲ್ಲು 2014ರಲ್ಲೇ ಬಿತ್ತು, ಅದರ ಹೆಸರಲ್ಲೂ ಪ್ಲಾಟ್ ಹೋದವು. ಬೀದರ್ ರೈಲು ಮಾರ್ಗಕ್ಕೆ ತೊಂಬತ್ತರ ದಶಕದಲ್ಲಿ ಒಪ್ಪಿಗೆ ಸಿಕ್ಕಿ, ರೈಲು ಪೂರ್ತಿ ಓಡಿದ್ದು 2017ಕ್ಕೆ. ಹಾಗೇ ಸೂರತ್-ಚೆನ್ನೈ ಎಕ್ಸ್‌ಪ್ರೆಸ್‌ವೇ. 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದ ಮರುವಾರವೇ "ಎಕ್ಸ್‌ಪ್ರೆಸ್‌ವೇ ಟಚ್ ಪ್ಲಾಟ್" ಅಂತ ಚೀಟಿ ಹಂಚುತ್ತಿದ್ದರು. ಅಂಥ ರಸ್ತೆಗೆ ಎಲ್ಲೆಂದರಲ್ಲಿ ಹತ್ತೋಕಾಗಲ್ಲ, ಗೊತ್ತುಮಾಡಿದ ಕಡೆ ಮಾತ್ರ ಒಳಗೆ ಬಿಡ್ತಾರೆ. ಪ್ಲಾಟಿನ ಪಕ್ಕ ಗಾಡಿ ಹೋಗೋದು ನೋಡ್ತಾ ಕೂತಿರಬೇಕು, ಅಷ್ಟೇ.

ನಿವೃತ್ತ ಭೂಮಾಪಕರು

ತಮ್ಮಾ, ಎಲ್ಲರೂ ಜಾಗದ ಮಾತು ಆಡಿದರು. ನಾನು ಕಾಗದದ ಮಾತು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಫೋನಿಗೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊ. ಏಜೆಂಟ್ ತೋರಿಸಿದ ಪ್ಲಾಟಿನ ಮಧ್ಯೆ ನಿಂತು ತೆರೆ. ನೀನು ನಿಂತ ನೆಲದ ಸರ್ವೆ ನಂಬರ್ ಬರುತ್ತೆ. ಏಜೆಂಟ್ ಕೊಟ್ಟ ಕಾಗದದ ನಂಬರಿಗೂ ಅದಕ್ಕೂ ತಾಳೆ ಆಗುತ್ತಾ ನೋಡು. ಒಂದು ನಂಬರಿನ ಕಾಗದ ತೋರಿಸಿ ಪಕ್ಕದ ನಂಬರಿನ ಹೊಲ ತೋರಿಸುವವರು ಇದ್ದಾರೆ. ಆ್ಯಪ್ ಗೆರೆ ಸ್ವಲ್ಪ ಆಚೀಚೆ ಆಗಬಹುದು, ಅಂಚಿನ ಪ್ಲಾಟ್ ಆದರೆ ಅಳತೆ ಮಾಡಿಸಲೇಬೇಕು. ಹಳ್ಳ, ಕೆರೆ, ಸರ್ಕಾರಿ ಗಾಯರಾಣ (ದನ ಮೇಯಿಸುವ ಜಾಗ) ಹತ್ತಿರ ಇದ್ದರೆ ಅದೂ ಅಲ್ಲೇ ತಿಳಿಯುತ್ತೆ.

ಆಮೇಲೆ ಆ ನಂಬರಿನ ಪಹಣಿ ತೆಗೆ. 9ನೇ ಕಾಲಂ ಎಲ್ಲರೂ ನೋಡ್ತಾರೆ, ಮಾಲೀಕರ ಹೆಸರು ಇರುತ್ತೆ. 11ನೇ ಕಾಲಂ ಓದು. ಸಾಲ, ಕೋರ್ಟು ತಡೆ, ಇತರೆ ಹಕ್ಕು ಎಲ್ಲ ಅಲ್ಲಿ ಬರೆದಿರ್ತಾರೆ. ಪಹಣಿ ಒಂದೇ ವರ್ಷದ್ದು ಸಾಲದು. ನಮ್ಮದು ನಿಜಾಮರ ಸೀಮೆ, ಇನಾಮು ಜಮೀನು ಜಾಸ್ತಿ, ಹಳೆಯ ದಾಖಲೆ ಉರ್ದುವಿನಲ್ಲಿ ಇರುತ್ತವೆ. "ಅದೆಲ್ಲ ಹಳೇದು ಬಿಡ್ರಿ" ಅಂದರೆ ಬಿಡಬೇಡ. ಓದಿಸು.

ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಹೌದಾ ಅಂತ ಕಡ್ಡಾಯ ನೋಡು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರೋ ಹಾಗಿಲ್ಲ. 2023ರ ತಿದ್ದುಪಡಿ ಆದ ಮೇಲೆ ಎಷ್ಟು ವರ್ಷ ಆದರೂ ಮೂಲ ಮಂಜೂರುದಾರರು ವಾಪಸ್ ಕೇಳಬಹುದು. ಅವರ ಹಕ್ಕು ನ್ಯಾಯವೇ. ನೀನು ನಡುವೆ ಸಿಕ್ಕಿಕೊಳ್ಳಬೇಡ.

ಲೇಔಟ್ ಅಂದಮೇಲೆ ಎನ್.ಎ. ಆದೇಶ ಒಂದೇ ತೋರಿಸಿ ಮುಗಿಸ್ತಾರೆ. ಎನ್.ಎ. ಅಂದರೆ ಹೊಲವನ್ನು ಬೇಸಾಯೇತರ ಬಳಕೆಗೆ ಬದಲಿಸಿದ್ದು, ಲೇಔಟ್ ಒಪ್ಪಿಗೆ ಅಲ್ಲ. ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾದ ನಕ್ಷೆ ಬೇರೆ ಕೇಳು. ಅದರಲ್ಲಿ ಪಾರ್ಕ್ ಎಲ್ಲಿದೆ, ಸಾರ್ವಜನಿಕ ಬಳಕೆಯ ಜಾಗ ಎಲ್ಲಿದೆ ಗುರುತಿಸಿಕೊ. ಚರಂಡಿ, ರಸ್ತೆ, ಕಂಬ ಆಗದೆ ಪ್ರಾಧಿಕಾರ ಎಲ್ಲ ಪ್ಲಾಟ್ ಒಟ್ಟಿಗೆ ಬಿಡುಗಡೆ ಮಾಡಲ್ಲ. ನಿನಗೆ ತೋರಿಸಿದ ನಂಬರ್ ಬಿಡುಗಡೆ ಆಗಿದೆಯಾ ಅಂತ ಪ್ರಾಧಿಕಾರದ ಕಚೇರಿಯಲ್ಲೇ ಕೇಳು, ಏಜೆಂಟರನ್ನಲ್ಲ. ಪಂಚಾಯಿತಿ ವ್ಯಾಪ್ತಿ ಆದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳು. 11ಬಿ ಕೊಟ್ಟರೆ ಅಲ್ಲೇ ನಿಲ್ಲು, ಅದು ಒಪ್ಪಿಗೆ ಇಲ್ಲದ ಆಸ್ತಿಗೆ ಕೊಡೋದು. ನಗರದೊಳಗೆ ಆದರೆ ಪಾಲಿಕೆಯ ಇ-ಖಾತಾ. ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿ ಕೊಡೋ ಗುಂಟಾ ಪ್ಲಾಟಿನ (ಒಪ್ಪಿಗೆ ಇಲ್ಲದೆ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿದ್ದು) ಹತ್ತಿರವೂ ಸುಳಿಯಬೇಡ, ಎಷ್ಟು ಅಗ್ಗ ಇದ್ದರೂ.

ಕುಸನೂರ ರಸ್ತೆಯ ಗೃಹಿಣಿ

ಸರ್ವೆ ಮಾಡೋ ಅಣ್ಣಾವ್ರು ಕಾಗದದ ತಳ ಹೇಳಿದರು, ನಾನು ಮನೆಯ ತಳ ಹೇಳ್ತೀನಿ. ನಾವು ಕಟ್ಟಿಸಿದ್ದು ಕರಿ ಮಣ್ಣಿನ ಜಾಗದಲ್ಲಿ. ಮೇ ತಿಂಗಳಲ್ಲಿ ಆ ನೆಲ ಬಿರಿದಾಗ ಬಿರುಕಿನಲ್ಲಿ ಇಡೀ ಕೈಬೆರಳು ಇಳಿಯುತ್ತೆ. ಮಳೆ ಬಿದ್ದ ಮೇಲೆ ಉಬ್ಬಿ ಮುಚ್ಚಿಕೊಳ್ಳುತ್ತೆ. ಹೀಗೆ ಪ್ರತಿ ವರ್ಷ ಎತ್ತಿ ಇಳಿಸುತ್ತೆ. ಮೇಲಿನ ಕಲ್ಲಿನ ಗೋಡೆ ಏನಾಗಬೇಕು?

ಇಂಜಿನಿಯರ್ ಕರಿ ಮಣ್ಣು ಪೂರ್ತಿ ತೆಗೆಸಿ, ಮುರುಮ್ (ಗಟ್ಟಿ ಗರಸು ಮಣ್ಣು) ಸಿಗುವ ತನಕ ಗುಂಡಿ ಇಳಿಸಿದರು. ಕೆಲವು ಕಡೆ ಆರು ಅಡಿ, ಕೆಲವು ಕಡೆ ಎಂಟರ ಮೇಲೆ. ಅದರ ಮೇಲೆ ಕಾಲಂ, ಎಲ್ಲ ಕಾಲಂ ಹಿಡಿದು ಪಾಯದ ಮಟ್ಟದಲ್ಲಿ ಕಾಂಕ್ರೀಟಿನ ಪ್ಲಿಂತ್ ಬೀಮ್. ಪಾಯದ ಖರ್ಚು ನೋಡಿ ನಮ್ಮ ಯಜಮಾನರು ಎರಡು ದಿನ ಮಾತು ಬಿಟ್ಟಿದ್ದರು. ಪಕ್ಕದವರು ಕಾಲಂ ಇಲ್ಲದೆ ಮೂರು ಅಡಿಗೆ ಕಲ್ಲು ಇಟ್ಟು ಕಟ್ಟಿಸಿದರು. ಅವರ ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು, ಕಾಂಪೌಂಡ್ ಬೀದಿಗೆ ವಾಲಿದೆ. ಪ್ಲಾಟ್ ನೋಡುವಾಗ ಅಕ್ಕಪಕ್ಕದ ಹಳೆಯ ಮನೆಯ ಕಾಂಪೌಂಡ್ ನೋಡಿ, ಮಣ್ಣು ಎಂಥದ್ದು ಅಂತ ಅದೇ ಹೇಳುತ್ತೆ. ಶಹಾಬಾದ ಕಡೆ ಕಲ್ಲು ಬೇಗ ಸಿಗುತ್ತೆ, ಅಲ್ಲಿ ಈ ತಾಪತ್ರಯ ಕಡಿಮೆ, ಬೋರ್‌ವೆಲ್ ತಾಪತ್ರಯ ಬೇರೆ.

ರಿಂಗ್ ರೋಡ್ ಫ್ಲ್ಯಾಟಿನವರು

ಫ್ಲ್ಯಾಟ್ ಬಗ್ಗೆ ಎರಡು ಮಾತು. ಎಂಟು ಮನೆಗಿಂತ ಜಾಸ್ತಿ ಇದ್ದರೆ ಅಥವಾ ಜಾಗ 500 ಚದರ ಮೀಟರ್ ಮೀರಿದರೆ ರೇರಾ (ಬಿಲ್ಡರುಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಆಗಿರಲೇಬೇಕು. ನಂಬರ್ ಕೇಳಿ, ರೇರಾ ಜಾಲತಾಣದಲ್ಲಿ ಹಾಕಿ ನೋಡಿ, ಯಾವಾಗ ಮುಗಿಸಬೇಕು ಅಂತ ಅಲ್ಲೇ ಇರುತ್ತೆ. ಕರಾರು ನೋಂದಣಿ ಆಗದೆ ಶೇ 10ಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಕೇಳಿದರೆ ಎದ್ದು ಬನ್ನಿ.

ಮೇಲಿನ ಮಹಡಿ ಬೇಡ. ನಮ್ಮ ಬಿಸಿಲು ಗೊತ್ತಲ್ಲ, 44 ಡಿಗ್ರಿ ಇದ್ದಾಗ ಸ್ಲ್ಯಾಬಿನ ಕೆಳಗಿನ ಖೋಲಿಯಲ್ಲಿ ರಾತ್ರಿ ಫ್ಯಾನ್ ಹಾಕಿದರೂ ಬಿಸಿಗಾಳಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಖರ್ಚು ಯಾರು ಹಂಚಿಕೊಳ್ಳೋದು ಅಂತ ಅಲ್ಲಿ ಈಗಾಗಲೇ ಇರುವವರನ್ನು ಕೇಳಿ. ಅದೂ ಏಪ್ರಿಲ್, ಮೇನಲ್ಲಿ ಕೇಳಿ. ನವೆಂಬರ್‌ನಲ್ಲಿ ಎಲ್ಲರ ಮನೆಯಲ್ಲೂ ನೀರು ಇರುತ್ತೆ.

ಉಳಿದಂತೆ ವಯಸ್ಸಾದವರಿಗೆ ಅನುಕೂಲವೇ. ಆಸ್ಪತ್ರೆ ಹತ್ತಿರ. ಹೈಕೋರ್ಟ್ ಪೀಠ, ಈಗ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ, ಇವೆಲ್ಲ ಆಗಿಹೋದ ಕೆಲಸ. ಹಾಗಾಗಿ ಊರೊಳಗೆ ಬಾಡಿಗೆದಾರರು ಸಿಗುತ್ತಾರೆ.

ಕೇಳಿದವರು

ತುಂಬ ಉಪಕಾರ ಆಯ್ತು. ಫಿರೋಜಾಬಾದ್ ಕಡೆಯದು ಬಿಟ್ಟೆ. ಫ್ಲ್ಯಾಟ್ ಬಗ್ಗೆ ಅಪ್ಪ "ಮಾಳಿಗೆ ಇಲ್ಲ, ಅಂಗಳ ಇಲ್ಲ, ಹಪ್ಪಳ ಎಲ್ಲಿ ಒಣಗಿಸೋದು" ಅಂತಾರೆ. ಊರೊಳಗೆ ಚಿಕ್ಕದಾದರೂ ಪ್ರಾಧಿಕಾರದ ಒಪ್ಪಿಗೆ ಇರುವ ಲೇಔಟಿನಲ್ಲಿ ಪ್ಲಾಟ್ ಹುಡುಕೋಣ ಅಂತಿದ್ದೇವೆ. ಮೂವತ್ತು ಲಕ್ಷದ ಪ್ಲಾಟ್ ಅಂದರೆ ನೋಂದಣಿಗೆ ಎಷ್ಟು ಇಟ್ಟುಕೊಳ್ಳಬೇಕು?

ನಿವೃತ್ತ ಭೂಮಾಪಕರು

ಮುದ್ರಾಂಕ ಶೇ 5, ಅಂದರೆ ಒಂದೂವರೆ ಲಕ್ಷ. ಅದರ ಮೇಲೆ ಸೆಸ್ 15,000, ನಗರದೊಳಗೆ ಸರ್ಚಾರ್ಜ್ 3,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ, 60,000. ಒಟ್ಟು 2,28,000. ಮಾರ್ಗಸೂಚಿ ದರ (ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ನಿಮ್ಮ ಮಾತಿನ ದರಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಅದರ ಮೇಲೆ. ವಕೀಲರ ಫೀ ಬೇರೆ. ಮತ್ತೆ, ಕೈಯಲ್ಲಿ ದುಡ್ಡಿದ್ದರೂ ಬ್ಯಾಂಕಿಗೆ ಹೋಗಿ ಸಾಲ ಸಿಗುತ್ತಾ ಅಂತ ಕೇಳು. ಅವರ ವಕೀಲರು ಕಾಗದ ನೋಡಿ ಬೇಡ ಅಂದರೆ ಕಾರಣ ಬರೆಸಿಕೊಂಡು ಬಾ, ಇಲ್ಲಿ ಹಾಕು.