ಇಂಟರ್ನೆಟ್ ಇಲ್ಲದ ಜೈಲಿನಲ್ಲಿ ಡಿಗ್ರಿ ಓದೋದು ಹೇಗೆ?

ಮೈಸೂರು_ಲಿಬ್: ಅಮೆರಿಕದ ಕೈದಿಗಳಿಗೆ 1994ರಲ್ಲಿ ನಿಂತಿದ್ದ ಪೆಲ್ ಗ್ರಾಂಟ್ (ಕಾಲೇಜು ಓದಿಗೆ ಸರ್ಕಾರ ಕೊಡುವ ನೆರವು) 2023ರ ಜುಲೈಯಿಂದ ಮತ್ತೆ ಸಿಗುತ್ತಿದೆ. ಸರಿ, ಫೀಸಿಗೆ ದಾರಿಯಾಯಿತು. ಪ್ರಬಂಧ ಬರೆಯಲು ಲೇಖನಗಳು ಎಲ್ಲಿಂದ ಬರುತ್ತವೆ? ಸೆಮಿನಾರ್‌ಗೆ ಬೇಕು.

ಹಡ್ಸನ್_ಕನ್ನಡತಿ: ನಾನು ಇಲ್ಲಿ ಅಮೆರಿಕದಲ್ಲಿ, ಜೈಲಿನಲ್ಲೂ ಪಾಠ ನಡೆಸುವ ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಜೈಲಿನಲ್ಲಿರುವ ವಿದ್ಯಾರ್ಥಿ ಚೀಟಿಯಲ್ಲಿ ವಿಷಯ ಬರೆದು ಮೇಷ್ಟ್ರ ಕೈಲಿ ಕಳಿಸುತ್ತಾನೆ. ನಾನು ಹುಡುಕಿ ಪ್ರಿಂಟ್ ತೆಗೆದು ಕೊಡುತ್ತೇನೆ. ಸ್ಟೇಪಲ್ ಪಿನ್ ಹೊಡೆಯುವ ಹಾಗಿಲ್ಲ, ಗಟ್ಟಿ ರಟ್ಟಿನ ಪುಸ್ತಕಕ್ಕೂ ತಕರಾರು. ಅದೆಲ್ಲ ಹೇಗೋ ನಡೆಯುತ್ತದೆ. ನಿಜವಾದ ಕಷ್ಟ ಬೇರೆ. ನಾವಾದರೆ ಹತ್ತು ಲೇಖನ ತೆರೆದು ಒಂಬತ್ತನ್ನು ಬಿಡುತ್ತೇವೆ. ಅವನ ಬದಲು ಆ ಆಯ್ಕೆಯನ್ನು ನಾನೇ ಮಾಡಿಬಿಡುತ್ತೇನೆ. ಕಲಿಯಬೇಕಾದ್ದೇ ಅದು, ಅಲ್ವಾ? ಅದಕ್ಕೇ ಬೇಕೆಂತಲೇ ಒಂದೆರಡು ಸಾಧಾರಣ ಲೇಖನಗಳನ್ನೂ ಸೇರಿಸುತ್ತೇನೆ. ಅವನೇ ಪಕ್ಕಕ್ಕಿಡಲಿ.

ಕಪಾಟು: ವಿದ್ವತ್ ಲೇಖನಗಳ ಆನ್‌ಲೈನ್ ಭಂಡಾರ ಜೇಸ್ಟೋರ್ (JSTOR) ಜೈಲುಗಳಿಗೆಂದೇ ಲೇಖನಗಳ ಆಫ್‌ಲೈನ್ ಸೂಚಿ ಮಾಡಿದೆ. ವಿದ್ಯಾರ್ಥಿಯೇ ಹುಡುಕಿ ಬೇಕಾದ್ದನ್ನು ಕೇಳಬಹುದು.

ಹಡ್ಸನ್_ಕನ್ನಡತಿ: ಹೌದು, ಒಳ್ಳೆಯದೇ. ಆದರೂ ಲೇಖನ ಕೈಗೆ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಅಸೈನ್‌ಮೆಂಟ್ ಒಪ್ಪಿಸುವ ದಿನ ಬಂದುಬಿಡುತ್ತದೆ. ಮೇಷ್ಟ್ರುಗಳಿಗೆ ಸೆಮಿಸ್ಟರ್ ಶುರುವಿನಲ್ಲೇ ವಿಷಯ ಕೊಡಿ ಅಂತ ಗೋಗರೆಯುತ್ತೇನೆ.

ಮೈಸೂರು_ಲಿಬ್: ನಮ್ಮಲ್ಲಿ?

ಕಪಾಟು: ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಜೈಲುಗಳಲ್ಲಿ ಅಧ್ಯಯನ ಕೇಂದ್ರ ನಡೆಸುತ್ತದೆ. ಅಲ್ಲಿ ಅಚ್ಚಾದ ಪಠ್ಯವೇ ಮುಖ್ಯ. ಹಾಗಾಗಿ ಹುಡುಕುವ ಮಾತು ಕಡಿಮೆ. ಸೆಮಿನಾರ್‌ನಲ್ಲಿ ಇದನ್ನೂ ಕೆದಕಿ ನೋಡಿ.