ಸಮುದ್ರದ ತಳದ ಕೆಸರು ನೋಡಿ ಆಗಿನ ನೀರಿನಲ್ಲಿ ಎಷ್ಟು ಸಾರ ಇತ್ತು ಅಂತ ಹೇಗೆ ಹೇಳುತ್ತಾರೆ?

ಕಾಲುವೆಕೊನೆ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಎಡದಂಡೆ ಕಾಲುವೆ ಕೆಳಗೆ ಆರು ಎಕರೆ ಭತ್ತ. ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ ಓದುತ್ತಿದ್ದಾಳೆ, ಪ್ರಾಜೆಕ್ಟಿಗೆ ಅಂತ ಈಗ ಗೋವಾದಲ್ಲಿ ಇದ್ದಾಳೆ. ಅರಬ್ಬೀ ಸಮುದ್ರದ ತಳದಿಂದ ತೆಗೆದ ಕೆಸರನ್ನು ತೊಳೆಯುವುದು, ಸೋಸುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ದಿನದ ಕೆಲಸ. ಮೊನ್ನೆ ಫೋನಿನಲ್ಲಿ, ಇಪ್ಪತ್ತು ಸಾವಿರ ವರ್ಷದ ಹಿಂದೆ ಸಮುದ್ರದ ನೀರಿನಲ್ಲಿ ಎಷ್ಟು ಪೋಷಕಾಂಶ ಇತ್ತು, ಆಗ ಮುಂಗಾರು ಹೇಗಿತ್ತು ಅಂತ ಈ ಕೆಸರಿನಿಂದ ಗೊತ್ತಾಗುತ್ತದೆ ಅಪ್ಪಾ ಅಂದಳು. ಕೇಳಿ ಖುಷಿಯಾಯಿತು, ಆದರೆ ತಲೆಗೆ ಹತ್ತಲಿಲ್ಲ.

ಚಿಪ್ಪು, ಮೂಳೆ ಉಳಿಯುತ್ತವೆ, ಅದು ಸರಿ. ಪೋಷಕಾಂಶ ಅಂದರೆ ನೀರಿನಲ್ಲಿ ಕರಗಿ ಹೋಗಿದ್ದು ಅಲ್ವಾ? ನಾನು ಗದ್ದೆಗೆ ಹಾಕಿದ ಯೂರಿಯಾ ಎರಡು ವಾರದಲ್ಲಿ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಬೆಳೆ ಮುಗಿದ ಮೇಲೆ ಮಣ್ಣು ಪರೀಕ್ಷೆಗೆ ಕೊಟ್ಟರೆ ಸಾರಜನಕ ಕಡಿಮೆ ಅಂತಲೇ ಬರುತ್ತದೆ, ಹಾಗಿರುವಾಗ ಅಷ್ಟು ವರ್ಷದ ಹಿಂದಿನ ಲೆಕ್ಕ ಕೆಸರಿನಲ್ಲಿ ಹೇಗೆ ಸಿಗುತ್ತದೆ? ದೀಪಾವಳಿಗೆ ಅವಳು ಊರಿಗೆ ಬರುತ್ತಾಳೆ. ಅಷ್ಟರಲ್ಲಿ ಅವಳ ಕೆಲಸ ನನಗೆ ಅರ್ಥ ಆಗಬೇಕು. ತಿಳಿದವರು ದಯವಿಟ್ಟು ಹೇಳಿ.

ರಾಯಚೂರಿನವ, ಸದ್ಯ ಗೋವಾ

ಅಣ್ಣಾ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನೀರಿನಲ್ಲಿ ಕರಗಿದ ನೈಟ್ರೇಟ್, ಅಂದರೆ ಸಾರಜನಕದ ಒಂದು ರೂಪ, ಕೆಸರಿನಲ್ಲಿ ಕೂತಿರುವುದಿಲ್ಲ. ಅದನ್ನು ತಿಂದವರು ಕೂತಿರುತ್ತಾರೆ. ಸಮುದ್ರದ ಮೇಲುನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಅವು ನೈಟ್ರೇಟ್ ತಿಂದು ಬೆಳೆಯುತ್ತವೆ, ಸಾಯುತ್ತವೆ, ಅವುಗಳ ಮೈಯಲ್ಲಿ ಸ್ವಲ್ಪ ಪಾಲು ತಳಕ್ಕೆ ಉದುರಿ ಪದರ ಪದರವಾಗಿ ಕೂರುತ್ತದೆ. ನಾನು ಇಂಥದೇ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ನೋಡಿ ಬೇಸರ ಬಂದದ್ದೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸಾರಜನಕದ ಪರಮಾಣುಗಳಲ್ಲಿ ಎರಡು ಬಗೆ ಇವೆ, 14 ತೂಕದ್ದು ಹಗುರ, 15 ತೂಕದ್ದು ಭಾರ. ಸಾವಿರ ಎಣಿಸಿದರೆ ಭಾರದ್ದು ಮೂರೋ ನಾಲ್ಕೋ ಸಿಗುತ್ತದೆ. ನೀವು ದನಕ್ಕೆ ಕಣಿಕಿ ಹಾಕಿದಾಗ ಏನಾಗುತ್ತದೆ? ಮೊದಲು ಎಲೆ ತಿನ್ನುತ್ತದೆ, ದಂಟು ಬಿಡುತ್ತದೆ. ಗೋದಲಿಯಲ್ಲಿ ಎಲೆಗಿಂತ ದಂಟೇ ಜಾಸ್ತಿ ಕಂಡರೆ ಹಾಕಿದ್ದರಲ್ಲಿ ಬಹಳಷ್ಟು ಖಾಲಿಯಾಗಿದೆ ಅಂತ ನಿಮಗೆ ಕೇಳದೇ ಗೊತ್ತಾಗುತ್ತದೆ. ಸಮುದ್ರದಲ್ಲೂ ಹಾಗೇ. ಸೂಕ್ಷ್ಮಜೀವಿಗಳು ಹಗುರದ್ದನ್ನು ಬೇಗ ಬಳಸುತ್ತವೆ, ಭಾರದ್ದು ಹಿಂದೆ ಉಳಿಯುತ್ತಾ ಹೋಗುತ್ತದೆ, ಆಮೇಲೆ ಆ ಉಳಿದದ್ದನ್ನು ತಿಂದು ಬೆಳೆದ ಪಾಚಿಯ ಮೈಯಲ್ಲೂ ಭಾರದ ಪಾಲು ಏರುತ್ತದೆ. ಅದೇ ಪಾಲನ್ನು ನಾವು ಕೆಸರಿನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಿಂದ ಅಳೆಯುವುದು.

ಅರಬ್ಬೀ ಸಮುದ್ರದಲ್ಲಿ ಇನ್ನೊಂದು ವಿಶೇಷ ಇದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀರು ನಿಂತ ಭತ್ತದ ಗದ್ದೆಗೆ ನೈಟ್ರೇಟ್ ರೂಪದ ಗೊಬ್ಬರ ಹಾಕಬೇಡಿ ಅಂತ ಕೃಷಿಯವರು ಹೇಳುತ್ತಾರಲ್ಲ, ಯಾಕೆ? ಕೆಸರಿನ ಒಳಗೆ ಆಮ್ಲಜನಕ ಇಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಡುತ್ತವೆ, ಗೊಬ್ಬರ ಗಾಳಿಯಾಗಿ ಹಾರಿಹೋಗುತ್ತದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರ್ ಆಳದಿಂದ ಸಾವಿರ ಮೀಟರ್ ಆಚೆಯವರೆಗೆ ಆಮ್ಲಜನಕ ಬಹಳ ಕಡಿಮೆ. ಅದರ ಮೇಲಿನ ಭಾಗದಲ್ಲಂತೂ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಅಲ್ಲಿ ನಡೆಯುವುದು ನಿಮ್ಮ ಗದ್ದೆಯಲ್ಲಿ ನಡೆಯುವುದೇ. ತೆರೆದ ಸಮುದ್ರದಲ್ಲಿ ಈ ಕೆಲಸ ದೊಡ್ಡದಾಗಿ ನಡೆಯುವ ಜಾಗ ಇಡೀ ಭೂಮಿಯಲ್ಲಿ ಮೂರೇ ಇವೆ. ಎರಡು ಇರುವುದು ಅಮೆರಿಕ ಖಂಡಗಳ ಪಡುವಣ ಕಡಲಲ್ಲಿ, ಮೂರನೆಯದು ನಮ್ಮದು.

ಮುಂಗಾರಿಗೂ ಇದಕ್ಕೂ ಏನು ಸಂಬಂಧ ಅಂದರೆ, ಮುಂಗಾರಿನ ಗಾಳಿ ಜೋರಾದರೆ ಒಮಾನ್, ಸೊಮಾಲಿಯಾ ದಡದಲ್ಲಿ ಮೇಲುನೀರು ಆಚೆ ಸರಿದು ಕೆಳಗಿನ ತಣ್ಣನೆಯ ಸಾರವಾದ ನೀರು ಮೇಲೆ ಬರುತ್ತದೆ, ಪಾಚಿ ಹುಲುಸಾಗಿ ಬೆಳೆಯುತ್ತದೆ, ಅದು ಸತ್ತು ಕೊಳೆಯುವಾಗ ಕೆಳಗಿನ ಆಮ್ಲಜನಕ ಖರ್ಚಾಗುತ್ತದೆ, ಆಗ ಬ್ಯಾಕ್ಟೀರಿಯಾ ನೈಟ್ರೇಟಿಗೆ ಕೈ ಹಾಕುತ್ತವೆ, ಅವೂ ಹಗುರದ್ದನ್ನೇ ಬೇಗ ಬಳಸುವುದರಿಂದ ಉಳಿದದ್ದರಲ್ಲಿ ಭಾರದ ಸಾರಜನಕದ ಪಾಲು ಏರುತ್ತದೆ. ಮಾರ್ಕ್ ಆಲ್ಟಬೆಟ್ ಮತ್ತು ಜೊತೆಗಾರರು 1995ರಲ್ಲಿ ಅರಬ್ಬೀ ಸಮುದ್ರದ ಕೆಸರಿನಲ್ಲಿ ಇದನ್ನು ತೋರಿಸಿದರು. ಬೆಚ್ಚಗಿನ ಕಾಲದಲ್ಲಿ ಆ ಪಾಲು ಜಾಸ್ತಿ, ಹಿಮಯುಗದಲ್ಲಿ ಕಡಿಮೆ.

ಮಸ್ಕಿ ಮೇಷ್ಟ್ರು

ತುಂಬಾ ಚೆನ್ನಾಗಿ ಹೇಳಿದಿರಿ. ಆದರೆ ನನಗೆ ಎರಡು ಕಡೆ ತೊಡಕು. ಮೊದಲನೆಯದು, ನಮ್ಮ ಹೊಲದಲ್ಲಿ ಎರೆಹುಳ ಮಣ್ಣನ್ನು ಮೇಲೆ ಕೆಳಗೆ ಮಾಡುವ ಹಾಗೆ ಸಮುದ್ರದ ತಳದಲ್ಲೂ ಹುಳ ಇರುತ್ತವೆ ಅಲ್ವಾ, ಆಗ ಪದರ ಎಲ್ಲಿ ಉಳಿಯಿತು? ಎರಡನೆಯದು, ಭಾರದ ಪಾಲು ಏರಿದ್ದು ಬ್ಯಾಕ್ಟೀರಿಯಾದಿಂದಲೋ, ಪಾಚಿಯೇ ಎಲ್ಲವನ್ನೂ ತಿಂದು ಮುಗಿಸಿದ್ದರಿಂದಲೋ? ಎರಡಕ್ಕೂ ಗುರುತು ಒಂದೇ ಆದರೆ ತೀರ್ಪು ಹೇಗೆ ಹೇಳುತ್ತೀರಿ?

ರಾಯಚೂರಿನವ, ಸದ್ಯ ಗೋವಾ

ಮೇಷ್ಟ್ರೇ, ಈ ಎರಡು ಪ್ರಶ್ನೆಗೇ ನಮ್ಮ ಹೆಚ್ಚಿನ ಸಮಯ ಹೋಗುತ್ತದೆ. ಹುಳಗಳು ಕೆಸರನ್ನು ಕೆಲವು ಸೆಂಟಿಮೀಟರ್ ಆಳದವರೆಗೆ ಕಲಸುತ್ತವೆ. ತೆರೆದ ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಕೂರುವುದರಿಂದ ಅಲ್ಲಿ ನೂರು ವರ್ಷದ ಏರಿಳಿತ ಹುಡುಕಬಾರದು. ದಡದ ಇಳಿಜಾರಿನಲ್ಲಿ ಕೆಸರು ಎಷ್ಟೋ ಪಟ್ಟು ಬೇಗ ಕೂರುತ್ತದೆ. ಇನ್ನು ಆಮ್ಲಜನಕ ಇಲ್ಲದ ಕಡೆ ಹುಳವೇ ಬದುಕುವುದಿಲ್ಲ. ಪಾಕಿಸ್ತಾನದ ಕರಾವಳಿ ಆಚೆ ತೆಗೆದ ಕೆಸರಿನಲ್ಲಿ ಗೆರೆ ಗೆರೆ ಹಾಗೇ ಉಳಿದಿವೆ, ಪುಸ್ತಕದ ಹಾಳೆಯಂತೆ.

ಎರಡನೆಯದಕ್ಕೆ ಉತ್ತರ, ಒಂದೇ ಸಾಕ್ಷಿ ನಂಬುವುದಿಲ್ಲ. ಫೊರಾಮಿನಿಫೆರ ಅಂತ ಮರಳಿನ ಕಾಳಿನಷ್ಟಿರುವ, ಸುಣ್ಣದ ಚಿಪ್ಪಿನ ಜೀವಿಗಳಿವೆ. ಅವುಗಳಲ್ಲಿ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಜಾತಿ ಅರಬ್ಬೀ ಸಮುದ್ರದಲ್ಲಿ ತಣ್ಣೀರು ಮೇಲೆ ಬರುವ ಕಡೆ ಹೆಚ್ಚುತ್ತದೆ. ಅದರ ಎಣಿಕೆ ಗಾಳಿಯ ಜೋರನ್ನು ಹೇಳುತ್ತದೆ. ಚಿಪ್ಪಿನ ಆಮ್ಲಜನಕದ ಹಗುರ-ಭಾರದ ಲೆಕ್ಕ ನೀರಿನ ಬಿಸಿಯನ್ನೂ ಭೂಮಿಯ ಮೇಲೆ ಎಷ್ಟು ಹಿಮ ಇತ್ತು ಎಂಬುದನ್ನೂ ಹೇಳುತ್ತದೆ. ಇನ್ನೊಂದು ಕ್ಯಾಡ್ಮಿಯಂ ಎಂಬ ಲೋಹ. ಸಮುದ್ರದಲ್ಲಿ ರಂಜಕ ಎಲ್ಲಿ ಜಾಸ್ತಿಯೋ ಅಲ್ಲಿ ಕ್ಯಾಡ್ಮಿಯಂ ಕೂಡ ಜಾಸ್ತಿ, ಚಿಪ್ಪು ಕಟ್ಟುವಾಗ ಕ್ಯಾಲ್ಸಿಯಂ ಜಾಗದಲ್ಲಿ ಅದರ ಚೂರು ಸೇರಿಕೊಳ್ಳುತ್ತದೆ. 1980ರ ದಶಕದಲ್ಲಿ ಎಡ್ವರ್ಡ್ ಬಾಯ್ಲ್ ಈ ದಾರಿ ತೋರಿಸಿದರು. ಇವೆಲ್ಲ ಒಂದೇ ಮಾತು ಹೇಳಿದರೆ ಮಾತ್ರ ನಾವು ಬಾಯಿ ತೆರೆಯುತ್ತೇವೆ.

ಇನ್ನೊಂದು ತೊಂದರೆ ಇದೆ. ತಳಕ್ಕೆ ಬಿದ್ದ ಮೇಲೂ ಬ್ಯಾಕ್ಟೀರಿಯಾ ಆ ಪಾಚಿಯನ್ನು ತಿನ್ನುತ್ತಲೇ ಇರುತ್ತವೆ, ಆಗ ಲೆಕ್ಕ ಕೆಡುತ್ತದೆ. ಅದಕ್ಕೆ ಈಗ ಚಿಪ್ಪಿನ ಗೋಡೆಯ ಒಳಗೆ ಸಿಕ್ಕಿಕೊಂಡ ಸಾರಜನಕವನ್ನೇ ಹೊರಗೆ ತೆಗೆದು ಅಳೆಯುತ್ತಾರೆ. ಗೋಡೆ ಇರುವವರೆಗೆ ಒಳಗಿನದು ಸುರಕ್ಷಿತ. ಒಂದು ಅಳತೆಗೆ ನೂರಾರು ಚಿಪ್ಪು ಬೇಕು, ಒದ್ದೆ ಕುಂಚದ ತುದಿಯಲ್ಲಿ ಒಂದೊಂದೇ ಆರಿಸಬೇಕು. ಸಂಜೆ ಹೊತ್ತಿಗೆ ಕತ್ತು, ಕಣ್ಣು ಎರಡೂ ಸೋತಿರುತ್ತವೆ. ಮಗಳು ಫೋನಿನಲ್ಲಿ ಜಾಸ್ತಿ ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ ಅಣ್ಣಾ.

ಸಂಗನಕಲ್ಲು, ಬಳ್ಳಾರಿ

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಮಣ್ಣು ಅರಬ್ಬೀ ಸಮುದ್ರಕ್ಕೆ ಹೋಗುವುದಿಲ್ಲ. ತುಂಗಭದ್ರೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲೇ ಆದರೂ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಹಾಗಾಗಿ ನಮ್ಮ ಹಳೆಯ ಲೆಕ್ಕ ಬೇಕಾದರೆ ಆ ಕಡೆಯ ಕೆಸರು ನೋಡಬೇಕು. 2006ರಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಹಡಗು ಗ್ಯಾಸ್ ಹೈಡ್ರೇಟ್, ಅಂದರೆ ಮಂಜುಗಡ್ಡೆಯಂಥ ರೂಪದಲ್ಲಿ ಸಿಕ್ಕಿಕೊಂಡ ಅನಿಲ, ಹುಡುಕಲು ಗೋದಾವರಿ ಮುಖದ ಆಚೆ ತಳ ಕೊರೆಯಿತು. ಆ ಕೆಸರಿನಲ್ಲಿ ಗಿಡದ ಎಲೆಯ ಮೇಲಿನ ಮೇಣ ಸಿಕ್ಕಿತು, ಹೊಳೆ ಹೊತ್ತು ತಂದದ್ದು. ಸುಮಾರು 4000 ವರ್ಷದ ಹಿಂದಿನಿಂದ ದಖ್ಖನ್ನಿನಲ್ಲಿ ಒಣ ಭೂಮಿಗೆ ಒಗ್ಗಿದ ಗಿಡಗಳು ಹೆಚ್ಚುತ್ತಾ ಹೋದವು ಅಂತ ಆ ಮೇಣವನ್ನು ನೋಡಿ 2012ರಲ್ಲಿ ಬಂದ ಅಧ್ಯಯನ ಹೇಳಿತು. ಸಗಣಿ ಸುಟ್ಟ ಬೂದಿಯಿಂದಾದ ಕುಡುತಿನಿ ಬೂದಿ ದಿಬ್ಬ, ನಮ್ಮ ಸಂಗನಕಲ್ಲು ಗುಡ್ಡದ ದನಗಾಹಿ ಜನ ಇದ್ದದ್ದೂ ಹೆಚ್ಚು ಕಡಿಮೆ ಆ ಕಾಲದಲ್ಲೇ. ಗುಡ್ಡದ ಮೇಲೆ ನಿಂತಾಗಲೆಲ್ಲ ಅವರು ಕಂಡ ಮಳೆ ಎಂಥದ್ದು ಅಂತ ನಾನು ಯೋಚಿಸುತ್ತಿದ್ದೆ. ಉತ್ತರದ ಒಂದು ತುಂಡು ಸಮುದ್ರದ ತಳದಲ್ಲಿ ಇತ್ತು.

ಈಗ ನಮ್ಮ ಮಣ್ಣಿನಲ್ಲಿ ಬಹುಪಾಲು ಸಮುದ್ರ ಮುಟ್ಟುವುದೇ ಇಲ್ಲ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಸುಮಾರು 105ಕ್ಕೆ ಬಂದಿದೆ. ಆ ಜಾಗದಲ್ಲೆಲ್ಲ ಹೂಳು.

ಕಾಲುವೆಕೊನೆ, ಗಂಗಾವತಿ

ಎಲ್ಲರಿಗೂ ಕೈ ಮುಗಿದೆ. ಕಣಿಕಿ ಉದಾಹರಣೆ ಓದಿದ ಮೇಲೆ ಕೊಟ್ಟಿಗೆಗೆ ಹೋಗಿ ಗೋದಲಿ ನೋಡಿ ಬಂದೆ. ಹೂಳಿನ ಮಾತು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು, ಎರಡನೇ ಬೆಳೆಗೆ ನೀರು ಬರದೆ ಇರುವಾಗ ಅದು ನಮಗೆ ದಿನಾ ನೆನಪಾಗುತ್ತದೆ.

ಒಂದೇ ಒಂದು ಕೇಳಬೇಕು. ಅವಳು ಬಂದಾಗ ನಾನು ಏನು ಕೇಳಿದರೆ ಅವಳಿಗೆ ಖುಷಿಯಾಗುತ್ತದೆ?

ರಾಯಚೂರಿನವ, ಸದ್ಯ ಗೋವಾ

ಮೂರು ಕೇಳಿ ಅಣ್ಣಾ. ನಿನ್ನ ಕೆಸರು ಎಷ್ಟು ನೀರಿನ ಆಳದಿಂದ ಬಂದಿದೆ, ಅದು ಆಮ್ಲಜನಕ ಇಲ್ಲದ ಪಟ್ಟಿಯ ಒಳಗೋ ಹೊರಗೋ? ಕೆಸರಿನ ವಯಸ್ಸನ್ನು ಎಷ್ಟು ಕಡೆ ಇಂಗಾಲ 14ರಿಂದ, ಅಂದರೆ ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುವ ಇಂಗಾಲದ ಬಗೆಯಿಂದ, ಅಳೆಸಿದ್ದೀಯಾ? ಸಾರಜನಕ ಇಡೀ ಕೆಸರಿನದೋ, ಚಿಪ್ಪಿನ ಒಳಗಿನದೋ? ಆಮೇಲೆ ಸುಮ್ನೆ ಕೂತು ಕೇಳಿ, ಊಟ ಆರಿ ಹೋದರೂ ಅವಳು ನಿಲ್ಲಿಸುವುದಿಲ್ಲ.