ಅಪ್‌ಡೇಟ್: ಸುಡಾನಿನ ಗೆಳತಿಯಿಂದ ಸುದ್ದಿ ಬಂತು

ಮೈಸೂರಲ್ಲಿ ನನ್ನ ಜೊತೆ ಓದಿ, ಈಗ ತನ್ನ ದೇಶದ ಯುದ್ಧದಲ್ಲಿ ಸಿಲುಕಿರುವ ಸುಡಾನಿನ ಗೆಳತಿಗಾಗಿ ಪ್ರಾರ್ಥನೆಯಲ್ಲದೆ ಇನ್ನೇನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಋಣಿ.

ಹನ್ನೊಂದು ದಿನ ಸದ್ದೇ ಇರಲಿಲ್ಲ. ಮೊನ್ನೆ ರಾತ್ರಿ ಅವಳ ವಾಯ್ಸ್ ಮೆಸೇಜ್ ಬಂತು. ಅಮ್ಮನ ಜೊತೆ ರಾಜಧಾನಿ ಖಾರ್ಟೂಮ್ ಪಕ್ಕದ ಓಂದುರ್ಮಾನ್‌ನಲ್ಲೇ ಇದ್ದಾಳೆ. ಕೇಳಿ ಅತ್ತುಬಿಟ್ಟೆ. 2023ರ ಏಪ್ರಿಲ್ 15ಕ್ಕೆ ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಜನರನ್ನು ಆಪರೇಷನ್ ಕಾವೇರಿಯಲ್ಲಿ ಕರೆತಂದರಲ್ಲ, ಇವಳಿಗೆ ಅದೇ ಊರು, ಅದೇ ಮನೆ.

"ಹಣ ಕಳಿಸುವ ಮೊದಲು ಏನು ಬೇಕೆಂದು ಅವಳನ್ನೇ ಕೇಳಿ" ಎಂದು ಒಬ್ಬರು ಬರೆದಿದ್ದಿರಿ. ಕೇಳಿದೆ. ತನಗೆ ಬೇಡ, ಬೀದಿಯ ತಕಿಯಾಗೆ ಕೊಡು ಅಂದಳು. ತಕಿಯಾ ಅಂದರೆ ನೆರೆಹೊರೆಯವರೇ ಸೇರಿ ದೊಡ್ಡ ಹಂಡೆಯಲ್ಲಿ ಬೇಳೆಕಾಳು ಬೇಯಿಸಿ ಹಸಿದವರಿಗೆ ಬಡಿಸುವ ಅಡುಗೆಮನೆ. ರಿಯಾದ್‌ನಲ್ಲಿರುವ ಅವಳಣ್ಣ ನನ್ನ ಪಾಲನ್ನೂ ಸೇರಿಸಿ ಬ್ಯಾಂಕಕ್ ಅನ್ನೋ ಸುಡಾನಿನ ಬ್ಯಾಂಕ್ ಆ್ಯಪ್‌ನಲ್ಲಿ ಹಾಕಿದರು. ಅಲ್ಲಿ ನೋಟಿಗಿಂತ ಆ ಆ್ಯಪ್‌ನಲ್ಲೇ ಹೆಚ್ಚು ವ್ಯವಹಾರವಂತೆ.

ಪ್ರಾರ್ಥನೆ ನಿಲ್ಲಿಸಿಲ್ಲ. ಸಂಜೆ ದೀಪ ಹಚ್ಚುವಾಗ ಅವಳ ಹೆಸರು, ಅವಳಮ್ಮನ ಹೆಸರು ಹೇಳುತ್ತೇನೆ. ಅದನ್ನು ಅವಳಿಗೂ ತಿಳಿಸಿದೆ. "ದಿನಾ ಹೇಳು" ಅಂದಳು.

ಅಮ್ಮನಿಗೆ ಇನ್ಸುಲಿನ್ ಸಿಗುತ್ತಿಲ್ಲವಂತೆ. ಈಗ ಅದರ ಹಿಂದೆ ಬಿದ್ದಿದ್ದೇನೆ.